ಹೊಡೆಯುವವನಿಗೂ ಒಂದು ಪಾಠಶಾಲೆ

ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು ಕೇಳಿಸಿದರೆ ನೀವು ಏನು ಮಾಡುತ್ತೀರಿ? 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದುಕೊಂಡು ಕಿಟಕಿ ಮುಚ್ಚುವವರೇ ನಮ್ಮಲ್ಲಿ ಹೆಚ್ಚು. ಒಂದು ವೇಳೆ ಮಾತು ಹೊರಗೆ ಬಂದರೂ ಅದು ಹೆಂಗಸಿನ ಸುತ್ತಲೇ ಸುತ್ತುತ್ತದೆ. ಅವಳೇಕೆ ಸಹಿಸಿಕೊಂಡಳು, ಅವಳೇಕೆ ತವರಿಗೆ ಹೋಗಲಿಲ್ಲ? ಹೊಡೆದವನನ್ನು ಏನು ಮಾಡಬೇಕು ಎಂಬ ಪ್ರಶ್ನೆ ಕೇಳುವವರು ಕಡಿಮೆ. ಆ ಪ್ರಶ್ನೆಗೆ ವ್ಯವಸ್ಥಿತವಾಗಿ ಉತ್ತರ ಹುಡುಕುವ ಕೆಲಸ ಆರಂಭವಾಗಿ ಸುಮಾರು ಅರ್ಧ ಶತಮಾನವಷ್ಟೇ ಆಗಿದೆ.

ಮೊದಲು ಹುಟ್ಟಿದ್ದು ಹೆಂಗಸರ ಆಶ್ರಯಧಾಮಗಳು. 1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ, 1974ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿ ಅಂತಹ ಮನೆಗಳು ಬಾಗಿಲು ತೆರೆದವು. ಆದರೆ ಆಶ್ರಯ ಪಡೆದವಳು ಮನೆಗೆ ಮರಳಿದರೆ ಅಲ್ಲಿದ್ದವನು ಹಳೆಯ ಗಂಡಸೇ. ಹೀಗಾಗಿ ಬಾಸ್ಟನ್ನಿನ ಆಶ್ರಯಧಾಮಗಳಲ್ಲಿ ದುಡಿಯುತ್ತಿದ್ದ ಮಹಿಳೆಯರು, ಗಂಡಸರ ಜೊತೆ ಮಾತನಾಡುವ ಕೆಲಸವನ್ನು ಗಂಡಸರೇ ವಹಿಸಿಕೊಳ್ಳಲಿ ಎಂದು ಕೇಳಿಕೊಂಡರು. 1977ರಲ್ಲಿ 'ಎಮರ್ಜ್' ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ.

ಈ ಪ್ರಯತ್ನಕ್ಕೆ ಒಂದು ಇಡೀ ಊರಿನ ಬೆಂಬಲ ಸಿಕ್ಕಿದ್ದು ಮಿನ್ನೆಸೋಟದ ಡುಲೂತ್‌ನಲ್ಲಿ. ಸುಪೀರಿಯರ್ ಸರೋವರದ ದಡದಲ್ಲಿರುವ ಈ ಬಂದರು ಊರು ಕಬ್ಬಿಣದ ಅದಿರಿನ ಸಾಗಾಣಿಕೆಗೆ ಹೆಸರಾದದ್ದು. ಅಲ್ಲಿ ಎಲೆನ್ ಪೆನ್ಸ್, ಮೈಕೆಲ್ ಪೇಮರ್ ಮತ್ತು ಸಂಗಡಿಗರು 1981ರ ಹೊತ್ತಿಗೆ ಪೊಲೀಸ್, ಸರ್ಕಾರಿ ವಕೀಲರು, ನ್ಯಾಯಾಲಯ, ಆಶ್ರಯಧಾಮ ಮೊದಲಾದವನ್ನೆಲ್ಲ ಒಂದು ಒಪ್ಪಂದಕ್ಕೆ ತಂದರು. ಅಲ್ಲಿಯವರೆಗೆ ಪೊಲೀಸರ ರೂಢಿ ನಮಗೂ ಪರಿಚಿತವಾದದ್ದೇ: ಗಂಡಸನ್ನು ಹೊರಗೆ ಕರೆದು ಬುದ್ಧಿ ಹೇಳಿ ಹೊರಟುಹೋಗುವುದು. ಹೊಸ ಪದ್ಧತಿಯಲ್ಲಿ, ಹಲ್ಲೆ ನಡೆದಿದೆ ಎನ್ನಲು ಆಧಾರವಿದ್ದರೆ ಬಂಧನ ಆಗಲೇಬೇಕು. ಹೆಂಗಸಿಗೆ ನೆರವಾಗಲು ಆಶ್ರಯಧಾಮದವರು ಮುಂದೆ ಬರಬೇಕು. ನ್ಯಾಯಾಲಯ ಶಿಕ್ಷೆಯನ್ನು ತಡೆಹಿಡಿದು ಗಂಡಸನ್ನು ತರಗತಿಗೆ ಕಳಿಸಬಹುದು; ತರಗತಿ ತಪ್ಪಿಸಿದರೆ ಸುದ್ದಿ ಮತ್ತೆ ನ್ಯಾಯಾಲಯಕ್ಕೆ ಮುಟ್ಟುತ್ತದೆ.

ತರಗತಿಯಲ್ಲಿ ಏನು ನಡೆಯುತ್ತಿತ್ತು? ಅದರ ಪಠ್ಯ ಪುಸ್ತಕದಿಂದ ಬಂದದ್ದಲ್ಲ, ಪೆಟ್ಟು ತಿಂದ ಹೆಂಗಸರ ಮಾತಿನಿಂದ ಬಂದದ್ದು. ಅವರ ಅನುಭವಗಳನ್ನು ಕೇಳಿ 1984ರಲ್ಲಿ ಒಂದು ಚಕ್ರದ ಚಿತ್ರ ಬರೆದರು. ಚಕ್ರದ ಗುಂಬದಲ್ಲಿ ಅಧಿಕಾರ ಮತ್ತು ಹತೋಟಿ. ಅರಗಳ ನಡುವೆ ಬೆದರಿಕೆ, ಅವಮಾನ, ನಂಟರಿಷ್ಟರಿಂದ ದೂರವಿಡುವುದು, ಮಕ್ಕಳನ್ನು ದಾಳವಾಗಿಸುವುದು, ಕೈಗೆ ಕಾಸು ಕೊಡದಿರುವುದು, 'ಗಂಡಸು ನಾನು' ಎಂಬ ಗತ್ತು ಇತ್ಯಾದಿ. ಸುತ್ತಿನ ಪಟ್ಟಿಯೇ ಹೊಡೆತ. ಹೊಡೆತ ವರ್ಷಕ್ಕೊಮ್ಮೆ ಬಿದ್ದರೂ ಸಾಕು, ಉಳಿದ ದಿನಗಳಲ್ಲಿ ಅದರ ನೆನಪೇ ಚಕ್ರವನ್ನು ಬಿಗಿಹಿಡಿದಿರುತ್ತದೆ.

ಕಾರ್ಯಕ್ರಮ ತಯಾರಿಸುವ ನನ್ನಂತಹವರಿಗೆ ಹಿಡಿಸುವ ಸಂಗತಿಯೊಂದಿದೆ. ಅಲ್ಲಿ ಚಿಕ್ಕ ಚಿಕ್ಕ ಅಭಿನಯದ ದೃಶ್ಯಗಳನ್ನು ವೀಡಿಯೋದಲ್ಲಿ ತೋರಿಸಿ ಚರ್ಚೆಗೆ ಇಳಿಸುತ್ತಿದ್ದರು. ತೆರೆಯ ಮೇಲಿನ ಗಂಡಸು ಏನು ಮಾಡಿದ, ಏನನ್ನು ಪಡೆಯಲು ಮಾಡಿದ, ಅದರಿಂದ ಅವಳಿಗೇನಾಯಿತು? ಆಮೇಲೆ ಅದೇ ಪ್ರಶ್ನೆಗಳನ್ನು ಪ್ರತಿಯೊಬ್ಬನೂ ತನ್ನ ನಡತೆಗೆ ಹಾಕಿಕೊಂಡು ಬರೆಯಬೇಕು. 'ಸಿಟ್ಟು ತಡೆಯಲಾಗಲಿಲ್ಲ' ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ. ನೀವೇ ಯೋಚಿಸಿ, ಕಚೇರಿಯಲ್ಲಿ ಮೇಲಧಿಕಾರಿಯ ಮೇಲೆ ಬಂದ ಸಿಟ್ಟನ್ನು ತಡೆದುಕೊಂಡವನಿಗೆ ಮನೆಯಲ್ಲಿ ಮಾತ್ರ ಅದು ಏಕೆ ಅಸಾಧ್ಯವಾಗುತ್ತದೆ?

ಈ ಪಾಠದಿಂದ ಗಂಡಸರು ಬದಲಾದರೇ? ವಿಜ್ಞಾನ ಓದಿದವನಾಗಿ ನಾನು ಇಲ್ಲಿ ಎಚ್ಚರದಿಂದ ಮಾತಾಡಬೇಕು. ಗೊಬ್ಬರದ ಗುಣ ತಿಳಿಯಲು ಗೊಬ್ಬರ ಹಾಕಿದ ಗದ್ದೆಯ ಜೊತೆಗೆ ಹಾಕದ ಗದ್ದೆಯನ್ನೂ ನೋಡಬೇಕಲ್ಲವೇ? ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 1997ರಲ್ಲಿ ಹಾಗೆಯೇ ಮಾಡಿದರು. ಶಿಕ್ಷೆಗೊಳಗಾದ 404 ಗಂಡಸರನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವರನ್ನು 26 ವಾರಗಳ ತರಗತಿಗೆ ಕಳಿಸಿದರು, ಉಳಿದವರನ್ನು ಬರಿಯ ನಿಗಾದಲ್ಲಿ ಇಟ್ಟರು. ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. 2004ರಲ್ಲಿ 22 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಸಿಕ್ಕಿದ್ದು ಅಲ್ಪ ಪರಿಣಾಮವೇ. ಸ್ವತಃ ಪೆನ್ಸ್ ಅವರೇ 1999ರಲ್ಲಿ, ತಾವು ಕಂಡ ಗಂಡಸರಲ್ಲಿ ಎಷ್ಟೋ ಮಂದಿಯ ಮಾತಿನಲ್ಲಿ ಅಧಿಕಾರದ ಆಸೆ ಕಾಣಿಸಲಿಲ್ಲ, ತಮ್ಮ ಸಿದ್ಧಾಂತವೇ ತಮ್ಮ ನೋಟವನ್ನು ಕಟ್ಟಿಹಾಕಿತ್ತು ಎಂದು ಒಪ್ಪಿಕೊಂಡರು. ಅಂತಹ ಪ್ರಾಮಾಣಿಕತೆ ಅಪರೂಪ.

ಹಾಗಾದರೆ ಇದೆಲ್ಲ ವ್ಯರ್ಥವೇ? ನನಗೆ ಹಾಗೆನಿಸುವುದಿಲ್ಲ. ಡುಲೂತ್‌ನ ಸಾಧನೆ ತರಗತಿಯಲ್ಲ, ಅದರ ಹಿಂದಿದ್ದ ಸರಪಳಿ. ಅನೇಕ ಊರುಗಳವರು ತರಗತಿಯನ್ನು ಮಾತ್ರ ನಕಲು ಮಾಡಿ ಸರಪಳಿಯನ್ನು ಮರೆತರು. ಔಷಧಿಯ ಸೀಸೆ ತಂದು ಪಥ್ಯ ಬಿಟ್ಟಂತಾಯಿತು.

ನಮಗೂ ಇದರಲ್ಲಿ ಪಾಠವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಕಂಡವರು. 2006ರಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ಕಾಯಿದೆಯ 14ನೇ ವಿಧಿ ಗಂಡಹೆಂಡಿರನ್ನು ಬೇರೆಬೇರೆಯಾಗಿ ಇಲ್ಲವೇ ಜೊತೆಯಾಗಿ ಆಪ್ತಸಲಹೆಗೆ ಕಳಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಡುಲೂತ್‌ನವರು ಜೊತೆಯಾಗಿ ಕೂರಿಸುವುದನ್ನು ಒಪ್ಪಲಿಲ್ಲ. ಹೊಡೆದವನ ಎದುರಿಗೆ ಕುಳಿತವಳು ನಿಜ ಹೇಳಿದರೆ, ಆ ರಾತ್ರಿ ಮನೆಯಲ್ಲಿ ಅದರ ಬೆಲೆ ತೆರಬೇಕಾದವಳು ಅವಳೇ.

ಆದ್ದರಿಂದ 'ಅವನು ಸುಧಾರಿಸಿದನೇ' ಎಂದು ಕೇಳುವ ಮೊದಲು 'ಅವಳು ಕ್ಷೇಮವೇ' ಎಂದು ಕೇಳೋಣ. ಆ ಸರಪಳಿಯ ಮೊದಲ ಕೊಂಡಿ ಪೊಲೀಸರೂ ಅಲ್ಲ, ನ್ಯಾಯಾಲಯವೂ ಅಲ್ಲ. ಸದ್ದು ಕೇಳಿಯೂ ಕಿಟಕಿ ಮುಚ್ಚದ ನೆರೆಯವರು, ಅಂದರೆ ನೀವು ಮತ್ತು ನಾನು.