ನೀರು ಹಾಕಿದರೆ ಊಟ: ಒಣ ಬುತ್ತಿಯ ಚರಿತ್ರೆ

ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವ ನಾವು ದಿನಕ್ಕೆ ಹತ್ತಾರು ಸಲ ಹೇಳುವ ಮಾತೊಂದಿದೆ: "ಕುದಿಸಿ ಆರಿಸಿದ ನೀರನ್ನು ಗೆರೆಯ ತನಕ ಹಾಕಿ, ಚೆನ್ನಾಗಿ ಕುಲುಕಿ." ಮಕ್ಕಳ ಆಂಟಿಬಯಾಟಿಕ್ ಸಿರಪ್ ಬಾಟಲಿಯಲ್ಲಿ ಪುಡಿಯಾಗಿಯೇ ಬರುತ್ತದೆ. ಪುಡಿಯಾಗಿರುವಷ್ಟು ಕಾಲ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ನೀರು ಬಿದ್ದಮೇಲೆ ಅದರ ಆಯಸ್ಸು ಒಂದೋ ಎರಡೋ ವಾರ ಮಾತ್ರ. ಇದೇ ಲೆಕ್ಕ ಊಟಕ್ಕೂ ಹೊಂದುತ್ತದೆ ಎಂಬುದು ನಮಗೆ ಅರ್ಥವಾದದ್ದು ಕಳೆದ ಚಳಿಗಾಲದಲ್ಲಿ.

ಎಂಟು ಮಂದಿ ಕನ್ನಡಿಗರು ಹಜರ್ ಬೆಟ್ಟಗಳಲ್ಲಿ ಎರಡು ರಾತ್ರಿ ಕಳೆಯಲು ಹೊರಟೆವು. ಕಾರು ನಿಲ್ಲಿಸಿ ಎರಡು ಗಂಟೆ ನಡೆಯಬೇಕು. ಪಾತ್ರೆ, ಅಕ್ಕಿ, ತರಕಾರಿ ಹೊರುವುದು ಬೇಡವೆಂದು, ಕ್ಯಾಂಪಿಂಗ್ ಸಾಮಾನಿನ ಅಂಗಡಿಯಲ್ಲಿ ಬಿಸಿನೀರು ಹಾಕಿದರೆ ಊಟವಾಗುವ ಪ್ಯಾಕೆಟ್‌ಗಳನ್ನು ಕೊಂಡೆವು. ಹತ್ತಿಯಷ್ಟು ಹಗುರ. ನೀರು ಮೂರು ಕಾರ್ಟನ್, ಅಂದರೆ 27 ಲೀಟರ್. ಒಂದೊಂದು ಪ್ಯಾಕೆಟ್ಟಿಗೂ ಸುಮಾರು ಅರ್ಧ ಲೀಟರ್ ನೀರು ಬೇಕು. ರಾತ್ರಿ ಊಟಕ್ಕೆ ನಾಲ್ಕು ಲೀಟರ್, ಬೆಳಗಿನ ತಿಂಡಿಗೆ ಇನ್ನೂ ನಾಲ್ಕು, ಮೇಲೆ ಚಹಾ, ಕುಡಿಯುವುದಕ್ಕೆ ಬೇರೆ. ಮರುದಿನ ಮಧ್ಯಾಹ್ನಕ್ಕೆ ಉಳಿದದ್ದು ಐದು ಲೀಟರ್. ಎರಡನೆಯ ರಾತ್ರಿಯ ಆಸೆ ಬಿಟ್ಟು ಬೆಟ್ಟ ಇಳಿದೆವು. ಚೀಲದಲ್ಲಿ ಎಂಟು ಊಟ ಹಾಗೇ ಇತ್ತು, ಉಣ್ಣುವ ಹಾಗಿರಲಿಲ್ಲ.

ಈ ಪ್ಯಾಕೆಟ್ಟನ್ನು ಯಾರು, ಯಾವ ನೆಲಕ್ಕಾಗಿ ಮಾಡಿದರು ಎಂದು ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು.

ಒಣ ಬುತ್ತಿ ಬಹಳ ಹಳೆಯದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನ ಆಲೂಗಡ್ಡೆಯನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸುತ್ತಿದ್ದರು. ಅದರ ಹೆಸರು ಚೂನ್ಯೊ. ಇಂಕಾ ದೊರೆಗಳ ಉಗ್ರಾಣಗಳಲ್ಲಿ ಅದು ವರ್ಷಗಟ್ಟಲೆ ಇರುತ್ತಿತ್ತು. ಉತ್ತರ ಅಮೆರಿಕದ ಮೂಲನಿವಾಸಿಗಳು ಕಾಡೆಮ್ಮೆಯ ಒಣಮಾಂಸ ಪುಡಿಮಾಡಿ ಕೊಬ್ಬು ಬೆರೆಸಿ ಪೆಮಿಕನ್ ಕಟ್ಟುತ್ತಿದ್ದರು. ನಾವು ದುಡಿಯುವ ಈ ಅರಬ್ ನೆಲದಲ್ಲೇ ಬದೂಯಿನ್ ಪಶುಪಾಲಕರು ಹುಳಿ ಮಜ್ಜಿಗೆಯನ್ನು ಕಲ್ಲಿನಂಥ ಉಂಡೆಯಾಗಿ ಒಣಗಿಸಿ 'ಇಕ್ತ್' ಮಾಡಿದರು. ಅದನ್ನು ಹಾಗೇ ಕಡಿದು ತಿನ್ನಬಹುದು, ನೀರಿನಲ್ಲಿ ಕರಗಿಸಿಯೂ ಕುಡಿಯಬಹುದು. ನೀರಿಲ್ಲದ ದಾರಿ ಬಲ್ಲವರು ಮಾಡಿದ ಬುತ್ತಿ ಅದು.

ನಮ್ಮ ಕಡೆಯವರೂ ಕಡಿಮೆಯಿಲ್ಲ. ಹಳೇ ಮೈಸೂರಿನ ರಾಗಿ ಹುರಿಹಿಟ್ಟು, ಕರಾವಳಿ ಮಲೆನಾಡಿನ ಅವಲಕ್ಕಿ, ಉತ್ತರ ಕರ್ನಾಟಕದ ಕಡಕ್ ರೊಟ್ಟಿ. ಅವಲಕ್ಕಿಗೆ ತಣ್ಣೀರು ಸಾಕು. ಹುರಿಹಿಟ್ಟಿಗೆ ನೀರೋ ಮಜ್ಜಿಗೆಯೋ ಒಂದು ಲೋಟ, ಬೆಲ್ಲವಿದ್ದರೆ ಇನ್ನೂ ಒಳ್ಳೆಯದು. ಕಡಕ್ ರೊಟ್ಟಿಗೆ ಅದೂ ಬೇಡ, ಚಟ್ನಿಪುಡಿ ಇದ್ದರಾಯಿತು.

ಬಿಸಿಲಿನಲ್ಲಿ ಒಣಗಿಸುವುದಕ್ಕೆ ಒಂದು ತೊಡಕಿದೆ. ಪದಾರ್ಥ ಸುಕ್ಕುಗಟ್ಟುತ್ತದೆ, ಮತ್ತೆ ನೆನೆಯಲು ಹೊತ್ತು ಬೇಕು, ಸಿ ವಿಟಮಿನ್ ಬಹುಪಾಲು ಹಾಳಾಗುತ್ತದೆ. 1768ರಲ್ಲಿ ಕ್ಯಾಪ್ಟನ್ ಕುಕ್ ಹಡಗು ಹತ್ತಿದಾಗ ಒಣಗಿಸಿದ ಸೂಪಿನ ಬಿಲ್ಲೆಗಳನ್ನು ಒಯ್ದಿದ್ದ. ಅದು ಸ್ಕರ್ವಿ ರೋಗ ತಡೆಯುತ್ತದೆಂಬ ನಂಬಿಕೆ ಆಗ ಇತ್ತು. ಹೊಟ್ಟೆಗೆ ಆಧಾರವಾಗುತ್ತಿತ್ತು ನಿಜ, ಸ್ಕರ್ವಿಗೆ ಅದು ಮದ್ದಾಗಿರಲಿಲ್ಲ.

ಈ ತೊಡಕಿಗೆ ಪರಿಹಾರ ಬಂದದ್ದು ಅಡುಗೆಮನೆಯಿಂದಲ್ಲ, ಔಷಧದ ಕಡೆಯಿಂದ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡವರಿಗೆ ಕೊಡಲು ರಕ್ತದ ಪ್ಲಾಸ್ಮಾವನ್ನು ದೂರದ ರಣರಂಗಕ್ಕೆ ಕಳಿಸಬೇಕಿತ್ತು. ಅದನ್ನು ಮೊದಲು ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಪಾತ್ರೆಯಲ್ಲಿಟ್ಟರು. ಅಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಇದೇ ಫ್ರೀಜ್ ಡ್ರೈಯಿಂಗ್. ಅಮೆರಿಕದ ಸೈನ್ಯದ ಪೊಟ್ಟಣದಲ್ಲಿ ಎರಡು ಬಾಟಲಿ ಇರುತ್ತಿದ್ದವು: ಒಂದರಲ್ಲಿ ಒಣ ಪ್ಲಾಸ್ಮಾ, ಇನ್ನೊಂದರಲ್ಲಿ ಶುದ್ಧ ನೀರು. ಪೆನಿಸಿಲಿನ್ ಕೂಡ ಇದೇ ವಿಧಾನದಲ್ಲಿ ಒಣಪುಡಿಯಾಯಿತು. ಇಂದಿಗೂ ನಮ್ಮ ಫಾರ್ಮಸಿಯ ಕಪಾಟಿನಲ್ಲಿ ಹೀಗೆ ಒಣಗಿಸಿದ ಇಂಜೆಕ್ಷನ್ ಮದ್ದುಗಳಿವೆ. ಗಮನಿಸಿ, ಔಷಧದವರು ನೀರನ್ನು ಮರೆತಿರಲಿಲ್ಲ, ಜೊತೆಗೇ ಕಟ್ಟಿ ಕಳಿಸುತ್ತಿದ್ದರು.

ಯುದ್ಧ ಮುಗಿದ ಮೇಲೆ ಈ ವಿದ್ಯೆ ಊಟಕ್ಕೆ ಬಂತು. ಹೀಗೆ ಒಣಗಿಸಿದ ತುಂಡಿನ ಆಕಾರ ಕೆಡುವುದಿಲ್ಲ, ಒಳಗೆಲ್ಲ ಸಣ್ಣ ತೂತುಗಳು ಉಳಿಯುತ್ತವೆ, ಬಿಸಿನೀರು ಹಾಕಿದರೆ ಕೆಲವೇ ನಿಮಿಷದಲ್ಲಿ ಹೀರಿಕೊಳ್ಳುತ್ತದೆ. 1960ರ ದಶಕದಲ್ಲಿ ವಿಯೆಟ್ನಾಂ ಕಾಡಿನಲ್ಲಿ ದಿನಗಟ್ಟಲೆ ಗಸ್ತು ತಿರುಗುವ ಅಮೆರಿಕದ ಸೈನಿಕರಿಗೆ ಭಾರದ ಡಬ್ಬಿಗಳ ಬದಲು ಸುಮಾರು 300 ಗ್ರಾಂ ತೂಕದ ಒಣ ಊಟದ ಪೊಟ್ಟಣ ಕೊಟ್ಟರು. ಅದನ್ನು ತಯಾರಿಸಿದವರಲ್ಲಿ ಆರೆಗನ್ ರಾಜ್ಯದ ಆಲ್ಬನಿ ಊರಿನ ಆರೆಗನ್ ಫ್ರೀಜ್ ಡ್ರೈ ಕಂಪನಿಯೂ ಒಂದು. ಅದೇ ಕಂಪನಿ ಮುಂದೆ 'ಮೌಂಟನ್ ಹೌಸ್' ಹೆಸರಿನಲ್ಲಿ ಚಾರಣಿಗರಿಗೆ ಮಾರತೊಡಗಿತು. ಅಮೆರಿಕದಲ್ಲಿ 1964ರ ವನ್ಯಪ್ರದೇಶ ಕಾಯ್ದೆ ದೊಡ್ಡ ದೊಡ್ಡ ಕಾಡುಗಳನ್ನು ರಸ್ತೆ, ಮೋಟಾರು ಇಲ್ಲದಂತೆ ಕಾಪಾಡಿತು. ಅಲ್ಲಿಗೆ ಹೋಗುವವರು ಎಲ್ಲವನ್ನೂ ಬೆನ್ನ ಮೇಲೇ ಹೊರಬೇಕು. ಆದರೆ ಅಲ್ಲಿನ ಬೆಟ್ಟಗಳಲ್ಲಿ ತೊರೆಗಳು ಹರಿಯುತ್ತವೆ. ನೀರು ಹಿಡಿದು ಶುದ್ಧ ಮಾಡಿಕೊಂಡರಾಯಿತು. ನಾವು ಬೆಟ್ಟದಲ್ಲಿ ಸೋತದ್ದು ಇಲ್ಲೇ. ಆ ಪ್ಯಾಕೆಟ್ ತೊರೆಯ ದೇಶದ್ದು, ನಾವು ಒಯ್ದದ್ದು ಒಣ ವಾದಿಗೆ.

ಇದೇ ಕಾಲದಲ್ಲಿ ನಮ್ಮ ಮೈಸೂರೂ ಸುಮ್ಮನಿರಲಿಲ್ಲ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತು. ಎಮ್ಮೆಯ ಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನವನ್ನು ಕಂಡುಹಿಡಿದದ್ದು ಅಲ್ಲಿನ ವಿಜ್ಞಾನಿಗಳು. ಅಮುಲ್ ಅದನ್ನು ಮನೆಮನೆಗೆ ಮುಟ್ಟಿಸಿತು. 1961ರಲ್ಲಿ ಸೈನಿಕರ ಆಹಾರಕ್ಕೆಂದೇ ಡಿಎಫ್‌ಆರ್‌ಎಲ್ ಮೈಸೂರಿನಲ್ಲೇ ಹುಟ್ಟಿತು. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಒಯ್ದ ಭಾರತೀಯ ತಿನಿಸು ತಯಾರಾದದ್ದೂ ಅಲ್ಲೇ.

ನಮ್ಮ ರೂಮುಗಳ ಅಡುಗೆ ಕಪಾಟಿಗೆ ಒಣ ಬುತ್ತಿ ತಂದವರು ಮಾತ್ರ ಹೋಟೆಲಿನವರು. ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಬೆಲೆ ಕಟ್ಟಿ ವ್ಯಾಪಾರ ಕಷ್ಟವಾದಾಗ, ಅವರು ರವೆ ಇಡ್ಲಿಯಂಥ ತಿಂಡಿಗಳ ಮಿಕ್ಸ್ ಮಾರತೊಡಗಿದರು. ನಮ್ಮಲ್ಲಿ ಹಿರಿಯರೊಬ್ಬರು ನೆನೆಯುತ್ತಾರೆ: ಗಲ್ಫಿಗೆ ಬಂದ ಮೊದಲ ವರ್ಷ ಮೆಸ್ಸಿನ ಊಟ ಸೇರದೆ, ಅವ್ವ ಕಟ್ಟಿಕೊಟ್ಟ ಅವಲಕ್ಕಿ ಮತ್ತು ನಾಲ್ಕು ಪ್ಯಾಕೆಟ್ ಉಪ್ಪಿಟ್ಟಿನ ಮಿಕ್ಸಿನಲ್ಲಿ ಆರು ಮಂದಿ ಒಂದು ವಾರ ಕಳೆದರಂತೆ. ಊರಿನಿಂದ ಬರುವಾಗ ಲಗೇಜ್ ತೂಗಿ ನೋಡುವ ನಮಗೆ ನೀರು ತೆಗೆದ ಊಟದ ಬೆಲೆ ಗೊತ್ತು.

ಇನ್ನು ಫಾರ್ಮಸಿಯವರಾಗಿ ನಾಲ್ಕು ಮಾತು. ಒಣಗಿಸಿದರೆ ಕ್ರಿಮಿ ಸಾಯುವುದಿಲ್ಲ, ಮಲಗಿರುತ್ತದೆ ಅಷ್ಟೆ. ನೀರು ಬಿದ್ದೊಡನೆ ಏಳುತ್ತದೆ. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಕುದಿಸಿದರೂ ಉಳಿಯಬಲ್ಲದು. ಬೆಳಿಗ್ಗೆ ಬಿಸಿನೀರು ಹಾಕಿದ ಪುಲಾವನ್ನು ಸೈಟಿನ ಸೆಕೆಯಲ್ಲಿಟ್ಟು ಮಧ್ಯಾಹ್ನ ತಿಂದು, ವಾಂತಿ ಬೇಧಿಯೆಂದು ನಮ್ಮ ಕೌಂಟರಿಗೆ ಬಂದವರಿದ್ದಾರೆ. ತಿನ್ನುವ ಹೊತ್ತಿಗೇ ನೀರು ಹಾಕಿ. ನೂಡಲ್ಸ್ ಪ್ಯಾಕೆಟ್ಟಿನಲ್ಲಿ ಉಪ್ಪು ಹೆಚ್ಚು. ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಪ್ಯಾಕೆಟ್ ತಿಂದರೆ ಆ ಲೆಕ್ಕ ಹೆಚ್ಚುಕಡಿಮೆ ಮುಗಿದಂತೆ. ಬಿಪಿ ಮಾತ್ರೆ ನುಂಗುವವರು ಇದನ್ನು ಮರೆಯಬೇಡಿ.

ಮನೆಯಲ್ಲೇ ಮಾಡುವುದಾದರೆ ಬೇಳೆ, ಅನ್ನ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಬೀನ್ಸ್ ಬೇಯಿಸಿ, ಟ್ರೇಯಲ್ಲಿ ತೆಳ್ಳಗೆ ಹರಡಿ, 60 ಡಿಗ್ರಿ ಆಸುಪಾಸಿನ ಶಾಖದಲ್ಲಿ ಮುರಿದರೆ ಚಟ್ಟೆನ್ನುವ ತನಕ ಒಣಗಿಸಿ. ಎಣ್ಣೆ, ಕಾಯಿ ಬೇಡ, ಬೇಗ ಕಮಟು ಹಿಡಿಯುತ್ತದೆ. ಸಮುದ್ರದ ಪಕ್ಕದ ಊರುಗಳಲ್ಲಿ ಬೇಸಿಗೆಯ ಬಾಲ್ಕನಿಯನ್ನು ನಂಬಬೇಡಿ. ಬಿಸಿಲು ಎಷ್ಟೇ ಇದ್ದರೂ ಗಾಳಿಯಲ್ಲಿ ತೇವ, ಜೊತೆಗೆ ಧೂಳು. ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಬರುವ ಜನವರಿಯಲ್ಲಿ ಮತ್ತೆ ಅದೇ ಬೆಟ್ಟಕ್ಕೆ ಹೋಗುತ್ತೇವೆ. ಈ ಸಲ ಒಂದು ಹೊತ್ತಿಗೆ ಮಾತ್ರ ಬಿಸಿನೀರಿನ ಊಟ. ಉಳಿದದ್ದಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಖರ್ಜೂರ ಮತ್ತು ಹುರಿಹಿಟ್ಟು. ಊಟಕ್ಕೆ ಬೇಕಾದ ನೀರನ್ನು ಬೇರೆ ಬಾಟಲಿಗಳಲ್ಲಿ ತುಂಬಿ, ಹೆಸರು ಬರೆದು, ಊಟದ ಪಕ್ಕದಲ್ಲೇ ಕಟ್ಟುತ್ತೇವೆ.