ಅಪರಾಧಿ ಸಿಗದಿದ್ದರೂ ಸಂತ್ರಸ್ತರಿಗೆ ಸರ್ಕಾರದ ಪರಿಹಾರ ಸಿಗುತ್ತದೆಯೇ?

ಅತ್ಯಾಚಾರ, ಆಸಿಡ್ ದಾಳಿ ಅಥವಾ ಕೊಲೆಯ ಸುದ್ದಿ ದೊಡ್ಡದಾದಾಗ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಹರಿದಾಡುತ್ತದೆ. ‘ಸಂತ್ರಸ್ತರಿಗೆ ಸರ್ಕಾರದಿಂದ 10 ಲಕ್ಷ ಗ್ಯಾರಂಟಿ’ ಎಂಬುದು ಒಂದು. ‘ಕೋರ್ಟ್‌ನಲ್ಲಿ ಶಿಕ್ಷೆ ಆಗುವ ತನಕ ಒಂದು ಪೈಸೆಯೂ ಬರಲ್ಲ’ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಹೆಚ್ಚು ಹಾನಿ ಮಾಡುವುದು ಎರಡನೆಯದು. ಅದನ್ನು ನಂಬಿದವರು ಅರ್ಜಿಯನ್ನೇ ಹಾಕುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಸಂತ್ರಸ್ತರ ಪರಿಹಾರಕ್ಕೆಂದು ಪ್ರತಿ ರಾಜ್ಯವೂ ಒಂದು ಯೋಜನೆ ಮಾಡಬೇಕು ಎಂಬ ನಿಯಮ 2008ರ ತಿದ್ದುಪಡಿಯಿಂದ ಬಂತು. ಕರ್ನಾಟಕದ್ದು 2011ರ ಸಂತ್ರಸ್ತರ ಪರಿಹಾರ ಯೋಜನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ನಿಯಮ 396ನೇ ಸೆಕ್ಷನ್‌ನಲ್ಲಿದೆ.

ಆರೋಪಿ ಪತ್ತೆಯಾಗದೆ, ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತರು ಅಥವಾ ಅವರನ್ನು ಅವಲಂಬಿಸಿದವರು ಪರಿಹಾರ ಕೇಳಬಹುದು ಎಂದು ಈ ಸೆಕ್ಷನ್ ನೇರವಾಗಿಯೇ ಹೇಳುತ್ತದೆ. ಆರೋಪಿ ಖುಲಾಸೆಯಾದ ಪ್ರಕರಣದಲ್ಲೂ, ಸಂತ್ರಸ್ತರಿಗೆ ಪುನರ್ವಸತಿ ಬೇಕು ಅನಿಸಿದರೆ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಏಕೆಂದರೆ ಈ ಹಣ ಆರೋಪಿಯ ಜೇಬಿನಿಂದ ಬರುವುದಲ್ಲ, ಸರ್ಕಾರದ ನಿಧಿಯಿಂದ ಬರುವುದು. ಆದರೆ ಅದು ತಾನಾಗಿಯೇ ಖಾತೆಗೆ ಬೀಳುವುದಿಲ್ಲ. ಅರ್ಜಿ ಬಂದ ಮೇಲೆ ಪ್ರಾಧಿಕಾರ ವಿಚಾರಣೆ ನಡೆಸಿ ಎರಡು ತಿಂಗಳೊಳಗೆ ಮೊತ್ತ ತೀರ್ಮಾನಿಸಬೇಕು. ಅದಕ್ಕೂ ಮೊದಲು ತುರ್ತು ಚಿಕಿತ್ಸೆ, ಮಧ್ಯಂತರ ನೆರವು ಕೊಡಲು ಅವಕಾಶವಿದೆ.

ಹಾಗಾದರೆ ಎಷ್ಟು ಸಿಗುತ್ತದೆ?

ಒಂದೇ ಮೊತ್ತ ಇಲ್ಲ. ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ರೂಪಿಸಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ ಮತ್ತು ಜೀವಹಾನಿಗೆ 5ರಿಂದ 10 ಲಕ್ಷ, ಆಸಿಡ್ ದಾಳಿಯಲ್ಲಿ ಮುಖ ವಿರೂಪಗೊಂಡರೆ 7ರಿಂದ 8 ಲಕ್ಷ ರೂಪಾಯಿ ಎಂದಿದೆ. ಫಾರ್ವರ್ಡ್‌ನಲ್ಲಿ ಕಾಣುವ ‘10 ಲಕ್ಷ’ ಬಹುಶಃ ಇಲ್ಲಿಂದಲೇ ಹುಟ್ಟಿದ್ದು. ಅದು ಗರಿಷ್ಠ ಮಿತಿ, ಅದೂ ಕೆಲವೇ ಪ್ರಕರಣಗಳಿಗೆ.

ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯಕ್ಕೆ ಬೇರೆಯದೇ ದಾರಿ ಇದೆ. ಅಲ್ಲಿ ನೆರವು ಜಿಲ್ಲಾಡಳಿತದ ಮೂಲಕ ಹಂತ ಹಂತವಾಗಿ ಬರುತ್ತದೆ, ಹೆಚ್ಚಿನ ಪ್ರಕರಣಗಳಲ್ಲಿ ಮೊದಲ ಕಂತು ಎಫ್‌ಐಆರ್ ಆದ ಹಂತದಲ್ಲೇ. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಇದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆ. ಇದಕ್ಕೆ ಅರ್ಜಿ ಹೋಗುವುದು ಕಂದಾಯ ಇಲಾಖೆಯ ಅಧಿಕಾರಿಗೆ.

ಅರ್ಜಿ ಎಲ್ಲಿ ಹಾಕಬೇಕು?

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಸಾಮಾನ್ಯವಾಗಿ ಇದರ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಎಫ್‌ಐಆರ್ ಪ್ರತಿ, ವೈದ್ಯಕೀಯ ದಾಖಲೆ, ಸಾವಾಗಿದ್ದರೆ ಮರಣ ಪ್ರಮಾಣಪತ್ರ ಜೊತೆಗಿರಲಿ. ಎಫ್‌ಐಆರ್ ಪ್ರತಿಯನ್ನು ಸಂತ್ರಸ್ತರಿಗೆ ಪೊಲೀಸರು ಉಚಿತವಾಗಿ ಕೊಡಬೇಕು. ಅರ್ಜಿಗೆ ಕಾಲಮಿತಿ ಇರುವುದರಿಂದ ಕೇಸು ಮುಗಿಯಲಿ ಎಂದು ಕಾಯಬೇಡಿ. ವಕೀಲರ ಖರ್ಚಿನ ಭಯವೂ ಬೇಡ: ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ.

‘ಮೊದಲು ಕಂಪ್ಲೇಂಟ್ ಕೊಟ್ಟು ಬನ್ನಿ’ ಎನ್ನಬಹುದೇ?

ಆಸ್ಪತ್ರೆ ಹಾಗೆ ಹೇಳುವಂತಿಲ್ಲ. ಅತ್ಯಾಚಾರ, ಆಸಿಡ್ ದಾಳಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸಂತ್ರಸ್ತರಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಪೊಲೀಸರಿಗೆ ತಿಳಿಸುವ ಹೊಣೆ ಆಸ್ಪತ್ರೆಯದ್ದು. ಚಿಕಿತ್ಸೆ ನಿರಾಕರಿಸಿದರೆ ಹೊಣೆಗಾರರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಠಾಣೆಯವರೂ ವಾಪಸ್ ಕಳಿಸುವಂತಿಲ್ಲ. ಇಂಥ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು.

ಸೈಬರ್ ವಂಚನೆಯ ಲೆಕ್ಕವೇ ಬೇರೆ. 1930ಕ್ಕೆ ಕರೆ ಮಾಡಿದರೆ ಸಿಗುವುದು ಪರಿಹಾರ ಅಲ್ಲ, ಹೋಗುತ್ತಿರುವ ಹಣವನ್ನು ಬ್ಯಾಂಕ್‌ಗಳಲ್ಲಿ ತಡೆಯುವ ಪ್ರಯತ್ನ. ಹಾಗಾಗಿ ಅಲ್ಲಿ ಗಂಟೆಗಳಲ್ಲ, ನಿಮಿಷಗಳು ಮುಖ್ಯ.

ಶೇರ್ ಮಾಡುವ ಮುನ್ನ

‘ನ್ಯಾಯ ಸಿಗುವವರೆಗೆ ಶೇರ್ ಮಾಡಿ’ ಎಂದು ಅತ್ಯಾಚಾರ ಸಂತ್ರಸ್ತೆಯ ಫೋಟೊ ಅಥವಾ ಹೆಸರು ಬಂದರೆ ಕಳಿಸಬೇಡಿ. ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಎರಡು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ‘ಪರಿಹಾರ ಪಡೆಯಲು ಈ ಲಿಂಕ್ ಒತ್ತಿ, ಒಟಿಪಿ ಹಾಕಿ’ ಎಂಬ ಸಂದೇಶವನ್ನೂ ಮುಂದೆ ಕಳಿಸಬೇಡಿ.

ಕಳಿಸುವುದಾದರೆ ಈ ನಂಬರ್‌ಗಳನ್ನು ಕಳಿಸಿ: ತುರ್ತು ನೆರವಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100.