ಬೆರಳಿಗೆ ಹಾಕುವ ಆ ಪುಟ್ಟ ಡಬ್ಬಿ ನಮ್ಮೂರಿಗೆ ಬಂದ ದಾರಿ

2021ರ ಮೇ ತಿಂಗಳು. ಕೊರೋನಾ ಎರಡನೇ ಅಲೆಯ ಸುದ್ದಿ ಮಾಡಲು ನಾವು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಆಶಾ ಕಾರ್ಯಕರ್ತೆಯೊಬ್ಬರು ಮನೆಮನೆ ಸುತ್ತುತ್ತಿದ್ದರು. ಇಡೀ ಕೇರಿಗೆ ಅವರ ಕೈಯಲ್ಲಿದ್ದದ್ದು ಒಂದೇ ಪಲ್ಸ್ ಆಕ್ಸಿಮೀಟರ್. ಜಗಲಿ ಮೇಲೆ ಕೂತಿದ್ದ ಅಜ್ಜನ ಬೆರಳಿಗೆ ಹಾಕಿದರು. 95 ಬಂತು.

"ನಂಬರ್ ಚೆನ್ನಾಗೈತಲ್ಲ" ಅಂದ ಮಗ. ಅಜ್ಜ ಮಾತ್ರ "ಮಷಿನ್‌ಗೇನು ಗೊತ್ತು, ನಂಗೆ ಉಸಿರು ಸಾಲ್ತಿಲ್ಲ" ಅಂದರು.

ಆಶಾ ಅಕ್ಕ ನಂಬರ್ ನೋಡಿ ಎದ್ದು ಹೋಗಲಿಲ್ಲ. ಅಂಗಳದಲ್ಲಿ ಮೂರು ನಿಮಿಷ ನಿಧಾನಕ್ಕೆ ನಡೆಸಿ ಮತ್ತೆ ಹಾಕಿದರು. 89. ಆಂಬುಲೆನ್ಸ್‌ಗೆ ಫೋನ್ ಹೋಯಿತು. ಹನ್ನೊಂದು ದಿನ ಆದ ಮೇಲೆ ಅಜ್ಜ ಮನೆಗೆ ಬಂದರು.

ಆ ಡಬ್ಬಿ ಈಗ ಎಷ್ಟೋ ಮನೆಗಳಲ್ಲಿ ಟಿವಿ ಪಕ್ಕ, ದೇವರ ಮನೆ ಗೂಡಿನಲ್ಲಿ ಧೂಳು ಹಿಡಿದು ಬಿದ್ದಿದೆ. ಅದು ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬೇಕು ಎಂದು ನಾವು ಹುಡುಕುತ್ತಾ ಹೋದೆವು. ಸಿಕ್ಕಿದ ಕಥೆ ಇದು.

ಕಿವಿಯಿಂದ ಶುರು

ಆಮ್ಲಜನಕ ತುಂಬಿದ ರಕ್ತ ಕಡುಗೆಂಪಗೆ ಹೊಳೆಯುತ್ತದೆ, ಇಲ್ಲದ್ದು ಕಪ್ಪಗೆ ಮಂಕಾಗಿರುತ್ತದೆ. ಹಾಗಾದರೆ ಸೂಜಿ ಚುಚ್ಚದೆ, ಬೆಳಕು ಹಾಯಿಸಿಯೇ ರಕ್ತದ ಬಣ್ಣ ಅಳೆಯಬಹುದಲ್ಲ? 1935ರಲ್ಲಿ ಜರ್ಮನಿಯ ಕಾರ್ಲ್ ಮಾಥೆಸ್ ಕಿವಿಯ ಹಾಲೆಯ ಮೂಲಕ ಎರಡು ಬಗೆಯ ಬೆಳಕು ಹಾಯಿಸಿ ಇದನ್ನು ಮಾಡಿ ತೋರಿಸಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಗ್ಲೆನ್ ಮಿಲಿಕನ್ ಯುದ್ಧವಿಮಾನದ ಪೈಲಟ್‌ಗಳಿಗೆಂದು ಇಂಥದ್ದೇ ಸಾಧನ ಮಾಡಿದರು. ತುಂಬಾ ಎತ್ತರಕ್ಕೆ ಹೋದರೆ ಆಮ್ಲಜನಕ ಕಡಿಮೆಯಾಗಿ ಪೈಲಟ್‌ಗೆ ಗೊತ್ತೇ ಆಗದಂತೆ ಎಚ್ಚರ ತಪ್ಪುತ್ತಿತ್ತು. 'ಆಕ್ಸಿಮೀಟರ್' ಎಂಬ ಹೆಸರು ಕೊಟ್ಟವರೂ ಮಿಲಿಕನ್ ಅವರೇ.

ಆದರೆ ಒಂದು ತೊಡಕಿತ್ತು. ಬೆಳಕು ರಕ್ತವನ್ನು ಮಾತ್ರ ದಾಟುವುದಿಲ್ಲ. ಚರ್ಮ, ಮಾಂಸ, ಮೂಳೆ ಎಲ್ಲವೂ ಅದನ್ನು ತಡೆಯುತ್ತವೆ. ಅದಕ್ಕಾಗಿ ಕಿವಿಯನ್ನು ಬಿಸಿ ಮಾಡಬೇಕು, ಒತ್ತಿ ರಕ್ತ ಖಾಲಿ ಮಾಡಿ ಮತ್ತೆ ಬಿಡಬೇಕು. ಇಷ್ಟೆಲ್ಲ ರಗಳೆ ಇದ್ದದ್ದರಿಂದ ಅದು ಪ್ರಯೋಗಾಲಯ ಬಿಟ್ಟು ಆಚೆ ಬರುವುದೇ ಕಷ್ಟವಾಯಿತು.

ಬೇಡದ ಅಲೆಯಲ್ಲೇ ಉತ್ತರ

ಉತ್ತರ ಸಿಕ್ಕಿದ್ದು ಜಪಾನಿನಲ್ಲಿ. ನೀಗಾಟ ಪ್ರಾಂತ್ಯದಲ್ಲಿ 1936ರಲ್ಲಿ ಹುಟ್ಟಿದ ಟಾಕುವೊ ಅಯೊಯಾಗಿ ಡಾಕ್ಟರ್ ಅಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ನಿಹೋನ್ ಕೊಹ್ಡೆನ್ ಎಂಬ ಕಂಪನಿಯಲ್ಲಿ ಅವರು ಬೇರೆಯದೇ ಕೆಲಸ ಮಾಡುತ್ತಿದ್ದರು. ರಕ್ತಕ್ಕೆ ಬಣ್ಣ ಸೇರಿಸಿ, ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಎಂದು ಕಿವಿಯಿಂದಲೇ ಅಳೆಯುವ ಕೆಲಸ. ಪ್ರತಿ ನಾಡಿಬಡಿತಕ್ಕೂ ಅವರ ಗೆರೆ ಅಲುಗಾಡಿ ಅಳತೆ ಕೆಡುತ್ತಿತ್ತು. ಆ ಅಲುಗಾಟವನ್ನು ಅಳಿಸಲು ಹೊರಟಾಗ ಅವರಿಗೆ ಒಂದು ವಿಷಯ ಹೊಳೆಯಿತು. ಚರ್ಮ, ಮೂಳೆ ಮಿಡಿಯುವುದಿಲ್ಲ, ಮಿಡಿಯುವುದು ಶುದ್ಧರಕ್ತನಾಳ. ಹಾಗಾದರೆ ಮಿಡಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಉಳಿದದ್ದೆಲ್ಲ ತಾನಾಗಿ ಕಳೆದುಹೋಗುತ್ತದೆ!

ಇಂದಿನ ಡಬ್ಬಿಯೂ ಇದನ್ನೇ ಮಾಡುತ್ತದೆ. ಒಂದು ಕಡೆಯಿಂದ ಕೆಂಪು ಬೆಳಕು, ಜೊತೆಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಇನ್ನೊಂದು ಕಡೆ ಸೆನ್ಸರ್. ನಾಡಿಯ ಜೊತೆ ಏರಿಳಿಯುವ ಭಾಗದಲ್ಲಿ ಎರಡೂ ಬೆಳಕಿನ ಅನುಪಾತ ನೋಡಿ ನಂಬರ್ ಕೊಡುತ್ತದೆ.

1974ರಲ್ಲಿ ಅಯೊಯಾಗಿ ಇದನ್ನು ಜಪಾನಿನ ವೈದ್ಯಕೀಯ ಎಂಜಿನಿಯರ್‌ಗಳ ಸಭೆಯಲ್ಲಿ ಮಂಡಿಸಿದರು, ಕಂಪನಿ ಪೇಟೆಂಟ್‌ಗೆ ಅರ್ಜಿ ಹಾಕಿತು. 1977ರಲ್ಲಿ ಮಿನೋಲ್ಟಾ ಕಂಪನಿ ಅದನ್ನು ಕಿವಿಯಿಂದ ಬೆರಳಿಗೆ ತಂದಿತು. 1980ರ ದಶಕದಲ್ಲಿ ಅಮೆರಿಕದ ಬಯಾಕ್ಸ್, ನೆಲ್‌ಕಾರ್ ಕಂಪನಿಗಳು ಅದನ್ನು ಆಪರೇಷನ್ ಥಿಯೇಟರ್‌ಗೆ ಒಯ್ದವು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ ಮುಂಚೆ ನೋಡಲೇಬೇಕಾದ ಪಟ್ಟಿ ಮಾಡಿದಾಗ ಅದರಲ್ಲಿ ಆಕ್ಸಿಮೀಟರ್ ಕೂಡ ಇತ್ತು.

ಅಯೊಯಾಗಿ 2020ರ ಏಪ್ರಿಲ್ 18ರಂದು ತೀರಿಕೊಂಡರು. ಆಗ ಲೋಕದ ತುಂಬ ಜನ ಅವರ ಡಬ್ಬಿಗಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದರು. ನಮ್ಮಲ್ಲೂ ಮೆಡಿಕಲ್ ಸ್ಟೋರ್‌ಗಳಲ್ಲಿ ಬಾಯಿಗೆ ಬಂದ ರೇಟು ಹೇಳಿದ್ದು ನಿಮಗೆ ನೆನಪಿರಬಹುದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಿಮೀಟರ್ ಸೇರಿ ಐದು ಸಾಧನಗಳ ಮೇಲಿನ ಲಾಭಕ್ಕೆ ಮಿತಿ ಹಾಕಿತು. ಅಷ್ಟರಲ್ಲಿ ಎರಡನೇ ಅಲೆ ಇಳಿದಿತ್ತು.

ಯಾರ ಬೆರಳಿಗೆ ಹೊಂದಿಸಿದ ಅಳತೆ?

ಇಲ್ಲಿಂದ ಮುಂದಿನದು ನಮಗೆ ನೇರವಾಗಿ ಸಂಬಂಧಿಸಿದ್ದು.

ಬೆಳಕಿನ ಅನುಪಾತಕ್ಕೆ ಇಷ್ಟು, ನಂಬರ್ ಇಷ್ಟು ಎಂದು ಡಬ್ಬಿಗೆ ಮೊದಲೇ ಕಲಿಸಿರುತ್ತಾರೆ. ಅದಕ್ಕಾಗಿ ಆರೋಗ್ಯವಂತರಿಗೆ ಕಡಿಮೆ ಆಮ್ಲಜನಕದ ಗಾಳಿ ಕೊಟ್ಟು, ರಕ್ತ ತೆಗೆದು, ಎರಡನ್ನೂ ತಾಳೆ ನೋಡುತ್ತಾರೆ. ಹೀಗೆ ಪರೀಕ್ಷೆಗೆ ಒಳಗಾದವರಲ್ಲಿ ಹೆಚ್ಚಿನವರು ಬಿಳಿ ಚರ್ಮದವರು. ಕಪ್ಪು ಚರ್ಮದಲ್ಲಿರುವ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. ಕಪ್ಪು ಜನರಲ್ಲಿ ಅಳತೆ ತಪ್ಪುತ್ತದೆ ಎಂದು 1990ರಲ್ಲೇ ಅಮೆರಿಕದ ಡಾಕ್ಟರ್‌ಗಳಾದ ಜುಬ್ರಾನ್ ಮತ್ತು ಟೋಬಿನ್ ಬರೆದಿದ್ದರು. ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

2020ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರ್‌ಗಳು ಲೆಕ್ಕವನ್ನೇ ಮುಂದಿಟ್ಟರು. ಆಕ್ಸಿಮೀಟರ್ 92ರಿಂದ 96 ತೋರಿಸಿದ ಅಳತೆಗಳನ್ನು ತೆಗೆದುಕೊಂಡು ರಕ್ತ ಪರೀಕ್ಷೆಯ ಜೊತೆ ಹೋಲಿಸಿದರು. ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಅಂದರೆ ಯಂತ್ರ 'ಪರವಾಗಿಲ್ಲ' ಅನ್ನುತ್ತಿದ್ದಾಗ ಒಳಗೆ ಆಮ್ಲಜನಕ ಕುಸಿದಿರುತ್ತಿತ್ತು.

2013ರ ಅಮೆರಿಕದ ಮಾರ್ಗಸೂಚಿಯ ಪ್ರಕಾರ, ಹತ್ತು ಜನರ ಪರೀಕ್ಷೆಯಲ್ಲಿ ಕಪ್ಪು ಚರ್ಮದವರು ಇಬ್ಬರಿದ್ದರೂ ಸಾಕಾಗಿತ್ತು. 2025ರ ಜನವರಿಯಲ್ಲಿ ಹೊರಬಂದ ಕರಡು, 150 ಅಥವಾ ಅದಕ್ಕಿಂತ ಹೆಚ್ಚು ಜನರ ಮೇಲೆ, ಎಲ್ಲ ಮೈಬಣ್ಣದವರ ಮೇಲೆ ಪರೀಕ್ಷೆ ಆಗಬೇಕು ಎನ್ನುತ್ತದೆ.

ಬಿಸಿಲಲ್ಲಿ ದುಡಿಯುವ ನಮ್ಮ ಜನರ ಮೈಬಣ್ಣ ಎಷ್ಟು ಬಗೆ ಎಂದು ನಿಮಗೇ ಗೊತ್ತು. ಅಮೆರಿಕದ ಈ ಜಗಳ ನಮ್ಮ ಜಗಲಿಯದೂ ಹೌದು.

ಹಾಗಾದರೆ ಎಸೆಯಬೇಕೆ?

ಬೇಡ. ಈ ಡಬ್ಬಿ ಎಷ್ಟೋ ಜೀವ ಉಳಿಸಿದೆ, ಅಜ್ಜನ ವಿಷಯದಲ್ಲೂ ಎರಡನೇ ನಂಬರ್ ಕೊಟ್ಟದ್ದು ಅದೇ. ಬಳಸುವ ರೀತಿ ಗೊತ್ತಿರಬೇಕು ಅಷ್ಟೆ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಉಗುರು ಬಣ್ಣ, ದಟ್ಟ ಮೆಹಂದಿ ಇಲ್ಲದ ಬೆರಳು ಆರಿಸಿ. ಕೈ ಅಲುಗಾಡಿಸದೆ ನಂಬರ್ ನಿಲ್ಲುವವರೆಗೆ ಕಾಯಿರಿ. ಒಂದು ಸಲದ ನಂಬರ್‌ಗಿಂತ, ದಿನಕ್ಕೆ ಎರಡು ಮೂರು ಸಲ ಬರೆದಿಟ್ಟ ನಂಬರ್ ಇಳಿಯುತ್ತಿದೆಯೇ ಎಂಬುದು ಮುಖ್ಯ. ಮೊಬೈಲ್ ಕ್ಯಾಮೆರಾ ಮೇಲೆ ಬೆರಳಿಡಿ ಎನ್ನುವ ಗುರುತಿಲ್ಲದ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಅವು ಬೆರಳಚ್ಚು, ಮಾಹಿತಿ ಕದಿಯಬಹುದು ಎಂದು ಕೇಂದ್ರ ಗೃಹ ಇಲಾಖೆಯ ಸೈಬರ್ ದೋಸ್ತ್ ಆಗಲೇ ಎಚ್ಚರಿಸಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಉಸಿರು ಕಟ್ಟುತ್ತಿದೆ, ತುಟಿ ನೀಲಿಯಾಗಿದೆ, ಮಾತು ತಡವರಿಸುತ್ತಿದೆ ಅಂದರೆ ಡಬ್ಬಿ 96 ಅಂದರೂ ಸರಿ, ಆಸ್ಪತ್ರೆಗೆ ಹೊರಡಿ. ಡಾಕ್ಟರ್‌ಗೆ ನಂಬರ್ ಹೇಳಿ, ಜೊತೆಗೆ ರೋಗಿ ಏನು ಹೇಳಿದರು ಅನ್ನುವುದನ್ನೂ ಹೇಳಿ.

ಮೊನ್ನೆ ಆ ಆಶಾ ಅಕ್ಕನನ್ನು ಮತ್ತೆ ಭೇಟಿಯಾದೆವು. ಅದೇ ಡಬ್ಬಿ ಇನ್ನೂ ಅವರ ಚೀಲದಲ್ಲಿದೆ, ಶೆಲ್ ಮಾತ್ರ ಹೊಸದು. ಅವತ್ತು 95 ಇದ್ದರೂ ಯಾಕೆ ಬಿಡಲಿಲ್ಲ ಎಂದು ಕೇಳಿದೆವು.

"ಅಜ್ಜ ಹೇಳಿದ್ರಲ್ಲ" ಅಂದರು.